ಎಂಬತ್ತನಾಲ್ಕು ಅಡಿ

ಮಿಲ್ವಾಕಿ ನಗರದ ಕಟ್ಟಡದ ಕೆಲಸದವರೆಲ್ಲ ಬರ್ನಾಡೆಟ್ ಪ್ರಿಬಿಲ್ಸ್ಕಿಯನ್ನು ಬರ್ನಿ ಎಂದೇ ಕರೆಯುತ್ತಿದ್ದರು. ಗಸ್ ಟೆಸ್ಮರ್‌ನ ಮರದ ನೆಲ ಹಾಕುವ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ನಕ್ಷೆಗಳನ್ನು ಅಳೆದು, ಎಷ್ಟು ಹಲಗೆ ಬೇಕೆಂದು ಹೇಳಿದವಳು ಅವಳು. ಮೊದಲು ಕಾಗದದ ಮೇಲೆ ಅಳತೆಪಟ್ಟಿ ಇಟ್ಟು, ಆಮೇಲೆ ಕಂಪ್ಯೂಟರಿನ ಪಿಡಿಎಫ್ ಮೇಲೆ ಗೆರೆ ಎಳೆದು. ಅವಳು ಅಳೆದ ನೆಲದಲ್ಲಿ ಒಂದು ಹಲಗೆಯೂ ಕಡಿಮೆ ಬಿದ್ದಿರಲಿಲ್ಲ.

ಒಂದು ಮಾರ್ಚಿನಲ್ಲಿ ಅಕ್ಕ ಹೆಡ್ವಿಗ್‌ಗೆ ಹೃದಯದ ಆಪರೇಷನ್ ಎಂದು ಬರ್ನಿ ನಾಲ್ಕು ದಿನ ಅಕ್ಕನ ಊರು ಶೆಬಾಯ್ಗನ್‌ಗೆ ಹೋದಳು. ಆಗಲೇ ಒಂದು ಹೈಸ್ಕೂಲಿನ ಬ್ಯಾಸ್ಕೆಟ್‌ಬಾಲ್ ಅಂಗಣದ ನಕ್ಷೆ ಬಂತು. ಅವಳ ಮೇಲಧಿಕಾರಿ ಕರ್ಟ್ ಲೀನ್‌ಹಾರ್ಟ್ ಅವಸರದಲ್ಲಿ ತಾನೇ ಅಳೆದ. ಆ ಪಿಡಿಎಫ್ ಸ್ಕ್ಯಾನ್ ಆಗುವಾಗ ಪುಟ ಕುಗ್ಗಿತ್ತು. ಅದನ್ನು ಗಮನಿಸದೆ, ಮೂಲೆಯಲ್ಲಿ ಅಚ್ಚಾಗಿದ್ದ, ಇಂಚಿಗೆ ಇಷ್ಟು ಅಡಿ ಎಂಬ ಪ್ರಮಾಣವನ್ನೇ ನಂಬಿದ. ತರಿಸಿದ ಮೇಪಲ್ ಹಲಗೆ ಐದರಲ್ಲೊಂದು ಪಾಲು ಸಾಲದೆ ಹೋಯಿತು. ಆಮೇಲೆ ತರಿಸಿದ್ದು ಬೇರೆ ಬಣ್ಣ. ಶಾಲೆಯ ಮಕ್ಕಳು ಆ ವರ್ಷವಿಡೀ ಪಕ್ಕದೂರಿಗೆ ಹೋಗಿ ಆಡಬೇಕಾಯಿತು.

ಎಲ್ಲರೂ ಸೇರಿದ್ದ ಸೋಮವಾರದ ಸಭೆಯಲ್ಲಿ ಕರ್ಟ್ ಬೆರಳು ತೋರಿಸಿದ. "ಇದು ಬರ್ನಿ ಅಳೆದಿದ್ದು. ವಯಸ್ಸಾಯ್ತು ನೋಡಿ, ಕಣ್ಣು ಮಂಜಾಗಿದೆ."

"ನಾನು ಊರಲ್ಲೇ ಇರ್ಲಿಲ್ವಲ್ಲೋ!" ಎಂದಳು ಬರ್ನಿ.

"ಹೋಗೋ ಮುಂಚೆ ನೀನೇ ಅಳೆದಿಟ್ಟು ಹೋಗಿದ್ದೆ" ಎಂದ ಕರ್ಟ್, ಮುಖದ ಒಂದು ಗೆರೆಯೂ ಅಲುಗದೆ.

ಗಸ್ ಅವಳನ್ನು ಅಲ್ಲೇ ಕೆಲಸದಿಂದ ತೆಗೆದ. ಸಂಜೆ ಕರ್ಟ್, ಗಾಯಕ್ಕೆ ಉಪ್ಪು ಹಚ್ಚುವಂತೆ, ಆ ನಕ್ಷೆಯನ್ನು ಅವಳಿಗೆ ಮೇಲ್ ಮಾಡಿದ: "ನಿನ್ನ ಘನಕಾರ್ಯ ನೋಡ್ಕೋ."

ಅವಳು ನೋಡಿದಳು. ಆ ತಂತ್ರಾಂಶದಲ್ಲಿ ಎಳೆದ ಪ್ರತಿ ಗೆರೆಗೂ ಎಳೆದವರ ಹೆಸರು, ದಿನ, ಗಂಟೆ ಅಂಟಿಕೊಂಡಿರುತ್ತದೆ. ಪಟ್ಟಿ ತೆರೆದರೆ ಕಾಣುತ್ತದೆ. ಕರ್ಟ್ ಎಂದೂ ಆ ಪಟ್ಟಿ ತೆರೆದವನಲ್ಲ. ಮೂವತ್ತೊಂದು ಗೆರೆ, ಮೂವತ್ತೊಂದರ ಎದುರೂ ಅವನದೇ ಹೆಸರು. ಗಸ್‌ಗೆ ಫೋನ್ ಮಾಡಿದರೆ, "ಕಂಪ್ಯೂಟರಲ್ಲಿ ಯಾರು ಏನು ಬೇಕಾದ್ರೂ ತಿದ್ದಬಹುದಮ್ಮ" ಎಂದು ಇಟ್ಟುಬಿಟ್ಟ. ಎರಡನೆಯ ಸಲ ಅವಳು ಮಾಡಲಿಲ್ಲ. ಹಲ್ಲು ಕಚ್ಚಿ ಕಾದಳು. ಬೇರೊಂದು ಕಡೆ ಕೆಲಸ ಹಿಡಿದಳು. ಪ್ರತಿ ಭಾನುವಾರ ಚರ್ಚಿನಲ್ಲಿ ಮಂಡಿಯೂರಿ, ಕರ್ಟ್ ಬೀಳುವ ದಿನ ತನ್ನನ್ನು ಊರಲ್ಲೇ ಇರಿಸಪ್ಪ ಎಂದು ಬೇಡಿದಳು.

ಎರಡು ವರ್ಷದ ಮೇಲೆ ಗುತ್ತಿಗೆದಾರರ ಸಂಘ ಒಂದು ನಿಯಮ ತಂದಿತು: ಪಿಡಿಎಫ್ ಅಳತೆಯ ತರಗತಿ ಮುಗಿಸಿ ಪ್ರಮಾಣಪತ್ರ ಪಡೆಯದವರು ಶಾಲೆಗಳ ಕೆಲಸಕ್ಕೆ ಅಂದಾಜು ಹಾಕುವಂತಿಲ್ಲ. ಪಾಠ ಹೇಳಲು ಸಂಘ ಕರೆದದ್ದು ಬರ್ನಿಯನ್ನು. ಬರುವವರ ಹೆಸರುಗಳಲ್ಲಿ ಕರ್ಟ್‌ನದೂ ಇತ್ತು, ಜೊತೆಗೆ ಗಸ್‌ನದೂ. ಅವಳು ಅಂದು ಒಳ್ಳೆಯ ನೀಲಿ ಕೋಟು ಹಾಕಿಕೊಂಡು ಹೋದಳು.

ನಲವತ್ತು ಜನ ಬ್ರಾಟ್‌ವುರ್ಸ್ಟ್ ಸಾಸೇಜು ತಿಂದು ಕೈ ಒರೆಸಿಕೊಂಡು ಕೂತಿದ್ದರು. ಬರ್ನಿ ಪರದೆಯ ಮೇಲೆ ಅದೇ ಅಂಗಣದ ನಕ್ಷೆ ಬಿಟ್ಟಳು. ಕರ್ಟ್ ಕುರ್ಚಿಯಲ್ಲಿ ನೆಟ್ಟಗಾದ.

"ಮೊದಲನೇ ಮಾತು. ಮೂಲೇಲಿ ಬರೆದಿರೋ ಪ್ರಮಾಣ ನಂಬಬೇಡಿ. ಪುಟದಲ್ಲಿ ಉದ್ದ ಗೊತ್ತಿರೋ ಒಂದು ವಸ್ತು ಹುಡುಕಿ, ಅದರ ಮೇಲೆ ಅಳತೆ ಹೊಂದಿಸ್ಕೊಳ್ಳಿ. ಪ್ರತಿ ಪುಟಕ್ಕೂ ಬೇರೆಬೇರೆಯಾಗಿ. ಹೈಸ್ಕೂಲ್ ಅಂಗಣದ ಉದ್ದ ಎಷ್ಟು?"

"ಎಂಬತ್ನಾಲ್ಕು ಅಡಿ!" ಎಂದು ಹತ್ತಾರು ಗಂಟಲು ಕೂಗಿದವು.

ಮೂಲೆಯ ಪ್ರಮಾಣವನ್ನೇ ಇಟ್ಟುಕೊಂಡು ಅವಳು ಗೆರೆ ಎಳೆದಳು. ಎಪ್ಪತ್ತೈದೂವರೆ ಅಡಿ ಎಂದು ಬಂತು. ಜನ ಗೊಳ್ಳೆಂದು ನಕ್ಕರು.

"ಯಾವ ಪುಣ್ಯಾತ್ಮ ಅಳೆದಿದ್ದು ಇದನ್ನ?" ಎಂದ ಹಿಂದಿನ ಸಾಲಿನವನೊಬ್ಬ.

"ಒಳ್ಳೇ ಪ್ರಶ್ನೆ. ಎರಡನೇ ಮಾತೇ ಅದು" ಎಂದಳು ಬರ್ನಿ. "ಗೆರೆಗಳ ಪಟ್ಟಿ ತೆರೀರಿ. ಹೆಸರಿನ ಪ್ರಕಾರ ಜೋಡಿಸಿ. ಯಾರು ಯಾವಾಗ ಏನು ಮಾಡಿದ್ರು ಅಂತ ಒಂದೇ ನೋಟಕ್ಕೆ ಸಿಗುತ್ತೆ."

ಕರ್ಟ್ ಲೀನ್‌ಹಾರ್ಟ್, ಕರ್ಟ್ ಲೀನ್‌ಹಾರ್ಟ್ ಎಂದು ಪರದೆಯ ಮೇಲಿಂದ ಕೆಳಗಿನವರೆಗೂ ತುಂಬಿತು. ಪಕ್ಕದಲ್ಲಿ ದಿನಾಂಕ: ಮಾರ್ಚ್ ಹದಿನಾಲ್ಕು, ಬರ್ನಿ ಶೆಬಾಯ್ಗನ್‌ನಲ್ಲಿದ್ದ ದಿನ. ತಲೆಗಳೆಲ್ಲ ಕರ್ಟ್ ಕಡೆ ತಿರುಗಿದವು.

"ನೀನೇ ಕೂತು ತಿದ್ದಿರ್ತೀಯ!" ಎಂದು ಕರ್ಟ್ ಎದ್ದು ಕಿರುಚಿದ.

"ಇದು ನೀನೇ ಕಳಿಸಿದ ಮೇಲ್‌ನಿಂದ ಈಗಷ್ಟೇ ತೆರೆದಿದ್ದು, ಮಹಾರಾಯ. ಗಸ್, ನಿನ್ನ ಆಫೀಸಲ್ಲೂ ಇದರ ಪ್ರತಿ ಇರ್ಬೇಕು, ತೆರೆದು ನೋಡು." ಗಸ್ ಫೋನ್ ತೆಗೆದು ಆಫೀಸಿನಲ್ಲಿ ಯಾರಿಗೋ ಹೇಳಿದ. ಕೇಳಿಸಿಕೊಂಡ. ಅವನ ಕಿವಿ ಕೆಂಪಾಯಿತು.

ಕರ್ಟ್ ಬಾಗಿಲ ಕಡೆ ನಡೆದ. "ಹೋದ್ರೆ ಪ್ರಮಾಣಪತ್ರ ಇಲ್ಲ ಕಣಪ್ಪ" ಎಂದಳು ಬರ್ನಿ ಮೆತ್ತಗೆ. "ಬಾ, ಮುಂದೆ ಬಾ. ಅಳತೆ ಹೊಂದಿಸಿ ತೋರಿಸು."

ಅವನು ಬಂದ. ಬೇರೆ ದಾರಿಯಿರಲಿಲ್ಲ. ಮೌಸ್ ಹಿಡಿದು ಎಳೆದ. ಗೆರೆಯ ತುದಿ ಅಂಗಣದ ಅಂಚನ್ನು ದಾಟಿ ಬಿತ್ತು. "ನೇರ ಬರ್ಬೇಕಾದ್ರೆ ಶಿಫ್ಟ್ ಒತ್ತು" ಎಂದಳು. "ಇನ್ನೊಂದ್ಸಲ." ಮತ್ತೆ ತಪ್ಪಿದ. "ದೊಡ್ಡದು ಮಾಡಿ ನೋಡು, ಕಣ್ಣು ಮಂಜಾಗಿದ್ಯಾ?" ಯಾರೋ ಕಿಸಕ್ಕೆಂದರು. ಏಳು ಸಲ ಅಳೆಸಿದಳು. ಎಂಟನೆಯದಕ್ಕೆ ಎಂಬತ್ತನಾಲ್ಕು ಬಂತು.

ತರಗತಿ ಮುಗಿದಾಗ ಎಲ್ಲರ ಕಾಗದಕ್ಕೂ ಸಹಿ ಹಾಕಿದಳು. ಕರ್ಟ್‌ನದನ್ನು ವಾಪಸು ಕೊಟ್ಟಳು. "ಕೈ ಪಳಗಿಲ್ಲ. ಮುಂದಿನ ತಿಂಗಳು ಬಾ."

ಗಸ್ ಹಜಾರದಲ್ಲಿ ಟೋಪಿ ಹಿಡಿದು ನಿಂತಿದ್ದ. "ಬರ್ನಿ, ನಂದು ತಪ್ಪಾಯ್ತು…"

"ಇಲ್ಲಿ ಅಲ್ಲ. ನನ್ನ ತೆಗೆದಿದ್ದು ಎಲ್ಲರ ಮುಂದೆ ತಾನೆ? ಒಳಗೆ ಇನ್ನೂ ಕಾಫಿ ಕುಡೀತಿದ್ದಾರೆ. ಅಲ್ಲಿ ಹೇಳು."

ಅವನು ಒಳಗೆ ಹೋಗಿ ಹೇಳಿದ. ತೊದಲುತ್ತ, ನೆಲ ನೋಡುತ್ತ. ಕೆಲಸಕ್ಕೆ ಮರಳಿ ಬಾ ಎಂದೂ ಕರೆದ. "ಒಲ್ಲೆ" ಎಂದು ಬರ್ನಿ ಕೋಟಿನ ಗುಂಡಿ ಹಾಕಿಕೊಂಡಳು.

ಕರ್ಟ್ ಮುಂದಿನ ತಿಂಗಳು ಬಂದ, ಅದರ ಮುಂದಿನ ತಿಂಗಳೂ ಬಂದ. ಅಷ್ಟರಲ್ಲಿ ಶಾಲೆಗಳ ಕೆಲಸವನ್ನು ಗಸ್ ಬೇರೊಬ್ಬರಿಗೆ ವಹಿಸಿದ್ದ. ಮೂರನೆಯ ಸಲ ಬರ್ನಿ ಸಹಿ ಹಾಕಿದಳು, ಬೇಕೆಂದೇ ಬಹಳ ನಿಧಾನವಾಗಿ.

ಆ ಮೊದಲ ದಿನ ಮನೆಗೆ ಹೋಗುವ ದಾರಿಯಲ್ಲೇ ಹೆಡ್ವಿಗ್‌ಗೆ ಫೋನ್ ಮಾಡಿ ಎಲ್ಲ ಹೇಳಿದ್ದಳು.

"ಅಯ್ಯೋ, ಅಷ್ಟು ಜನರ ಮುಂದೆ! ಪಾಪ ಅನ್ನಿಸ್ಲಿಲ್ವೇನೆ?"

"ಅನ್ಸುತ್ತೇನೋ ಅಂತ ಸೇತುವೆ ದಾಟೋವರೆಗೂ ಕಾದೆ ಕಣೆ" ಎಂದಳು ಬರ್ನಿ. "ಅನ್ನಿಸ್ಲಿಲ್ಲ. ಹಸಿವಾಯ್ತು, ಅಷ್ಟೆ."