ಡೇಲಿಯಾದ ಸೊಟ್ಟ ಎಸಳು

ಹೂಗಳನ್ನು ಹತ್ತಿರದಿಂದ ಫೋಟೊ ತೆಗೆಯುವುದು ಅಕ್ಕನ ಹುಚ್ಚು. ಸಂಜೆ ತರಗತಿಗೆ ಇವತ್ತೇ ಒಂದು ಚಿತ್ರ ಒಪ್ಪಿಸಬೇಕಿತ್ತು. ಡೇಲಿಯಾದ ಸೊಟ್ಟ ಎಸಳಿನಡಿ ಅಡಗಿದ್ದ ಹಸಿರು ಜೇಡಕ್ಕಾಗಿ ಮೂರು ದಿನ ಕಾದಿದ್ದಳು. ಅದು ಕೊನೆಗೂ ಹೊರಬಂದಾಗ ಬ್ಯಾಟರಿ ಮುಗಿದಿತ್ತು. ಬದಲಿಸಿ ಬರುವಷ್ಟರಲ್ಲಿ, ತನ್ನ ಕ್ಷೌರದಂಗಡಿ ತೆರೆಯಲು ಕತ್ತರಿ ಹಿಡಿದು ಹೊರಟಿದ್ದ ತಮ್ಮ ಆ ಎಸಳನ್ನು ಕಚಕ್ಕನೆ ಕತ್ತರಿಸಿದ್ದ.

“ಸೊಟ್ಟಗಿತ್ತು ಕಣಕ್ಕ. ಈಗ ನೋಡು, ಮದುಮಗನ ಥರ ಇದೆ!”

“ಹೂವಿಗೂ ಕ್ರಾಪ್ ಹೊಡೀಬೇಕೇನೋ, ಮುಠ್ಠಾಳ? ನನ್ನ ಜೇಡ ಎಲ್ಲೋ?”

“ಜೇಡಾನಾ?”

ಅದು ಕತ್ತರಿಯ ತುದಿಯಿಂದ ಅವನ ಹೆಬ್ಬೆರಳಿನತ್ತ ನಡೆದಿತ್ತು. ತಮ್ಮ ಕೊಡವಲು ಹೊರಟ.

“ಅಲ್ಲಾಡಿದ್ರೆ ನೋಡು!” ಅಕ್ಕ ಕ್ಯಾಮೆರಾ ಎತ್ತಿ ಮಂಡಿಯೂರಿದಳು.

ದಿನವೂ ಗಿರಾಕಿಗಳಿಗೆ ಇದನ್ನೇ ಗದರುವವನು ಉಸಿರು ಬಿಗಿಹಿಡಿದು ನಿಂತ.

“ಆಯ್ತಾ ಅಕ್ಕಾ?”

“ಹೂವಿನ ಫೋಟೊ ತೆಗೆಯೋಕೆ ಬಂದು ಕತ್ತರೀದು ತೆಗೀತಿದ್ದೀನಿ. ಬಾಯ್ಮುಚ್ಚು!”