ಪೆಟ್ಟಿಗೆಗಳ ಮೇಲೆ ಹಾದ ಗೆರೆ

ಚಳಿ ಹಿಂದೆಗೆದು ಬಿಸಿಲಿಗೆ ತುಸು ಖಾರ ಬಂದಿತ್ತು. ಕಣ್ಣು ಹಾಯುವಷ್ಟು ದೂರ ಸಾಸಿವೆ ಹೂ ಬಿಟ್ಟಿತ್ತು. ಜೇನು ಸಾಕುವವನಿಗೆ ಬೆನ್ನು ನೆಟ್ಟಗೆ ಮಾಡಲೂ ಪುರಸೊತ್ತಿರದ ಕಾಲ ಅದು. ಹೊಗೆಡಬ್ಬಿಗೆ ಒಣಸಗಣಿಯ ಚೂರು ತುಂಬಿ, ಕಿಡಿ ತಾಗಿಸಿ, ತಿದಿಯನ್ನು ಎರಡು ಸಲ ಒತ್ತಿ, ಹೊಗೆಯಣ್ಣ ಮೊದಲ ಪೆಟ್ಟಿಗೆಯ ಮುಚ್ಚಳ ಎತ್ತಿದ. ಎರಿಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು ಮೊಟ್ಟೆ ನೋಡಿದ, ರಾಣಿಯನ್ನು ಹುಡುಕಿದ. ಹುಳ ತುಂಬಿ ತುಳುಕುವ ಪೆಟ್ಟಿಗೆಗಳ ಮೇಲೆ ಒಂದೊಂದು ಕಲ್ಲಿಟ್ಟ. ಅವು ಒಂದು ಎರಡಾಗಿ ಪಾಲಾಗಬೇಕಾದವು. ಅಣ್ಣತಮ್ಮಂದಿರ ಪಾಲಿಗಿಂತ ಜೇನಿನ ಪಾಲು ಸಲೀಸು, ಯಾರೂ ಕೋರ್ಟಿಗೆ ಹೋಗುವುದಿಲ್ಲ ಎಂದು ಅವನು ಆಗಾಗ ಹೇಳುವುದಿತ್ತು. ಮೈಯಿಂದ ಬಟ್ಟೆಯಿಂದ ಸದಾ ಹೊಗೆಯ ವಾಸನೆ ಬರುತ್ತಿದ್ದದ್ದರಿಂದ ಊರಿನಲ್ಲಿ ಅವನಿಗೆ ಆ ಹೆಸರೇ ನಿಂತಿತ್ತು.

ಕೊನೆಯ ಸಾಲಿಗೆ ಬಂದಾಗ ಕೈ ತಡೆಯಿತು. ಪೆಟ್ಟಿಗೆ ಇರಬೇಕಾದಲ್ಲಿ ಬರೀ ಕಾಲುಮಣೆ ನಿಂತಿತ್ತು. ಇರುವೆ ಹತ್ತದಿರಲೆಂದು ಅದರ ಕಾಲುಗಳ ಬುಡಕ್ಕೆ ಇಟ್ಟಿದ್ದ ಬಟ್ಟಲುಗಳಲ್ಲಿ ನೀರು ತುಳುಕದೆ ಹಾಗೇ ಇತ್ತು. ಹಿಂದಿನ ತಿಂಗಳೂ ಹೀಗೇ ಒಂದು ಹೋಗಿತ್ತು.

ಹೊಗೆಯಣ್ಣ ಅಲ್ಲೇ ಕುಕ್ಕರುಗಾಲಲ್ಲಿ ಕೂತ. ಒಯ್ದವನು ಅವಸರ ಮಾಡಿಲ್ಲ. ಹುಳ ಹೊರಡುವ ಮುಂಚೆ, ಮುಂಜಾನೆಯ ತಂಪಿನಲ್ಲಿ ಬಂದು, ಬಾಗಿಲಿಗೆ ಬಟ್ಟೆ ತುರುಕಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋಗಿದ್ದಾನೆ. ಜೇನು ಗೊತ್ತಿರುವವನ ಕೈ ಇದು. ಈ ಊರಿನಲ್ಲಿ ತನ್ನನ್ನು ಬಿಟ್ಟರೆ ಜೇನು ಮುಟ್ಟಿದವನು ಇನ್ನೊಬ್ಬನೇ. ಆ ಒಬ್ಬನ ಮುಖ ಕಣ್ಣೆದುರಿಗೆ ಬಂದದ್ದೇ ತಡ, ಛೆ ಎಂದು ತಲೆ ಕೊಡವಿ ಎದ್ದ.

ಆ ಒಬ್ಬ ಅವನ ಅಕ್ಕನ ಗಂಡ, ಟ್ರ್ಯಾಕ್ಟರ್ ರಿಪೇರಿಯ ಭಾವ. ಹಿಂದೊಮ್ಮೆ ಭಾವನ ಶೆಡ್ಡಿನ ಜಂತೆಗೆ ಜೇನು ಬಂದು ಕಟ್ಟಿತ್ತು. ಭಾವ ಬರಿಗೈಯಲ್ಲೇ ಅದನ್ನು ಹಳೇ ಮರದ ಡಬ್ಬಕ್ಕೆ ಇಳಿಸಿ, ಕೆಲಸವಿಲ್ಲದೆ ಅಲೆಯುತ್ತಿದ್ದ ಭಾಮೈದನ ಮುಂದೆ ತಂದಿಟ್ಟಿದ್ದ. “ತಗೊಳ್ಳೋ. ಹೆಚ್ಚಾದಾಗ ನಂಗೊಂದು ಪೆಟ್ಟಿಗೆ ವಾಪಸ್ ಕೊಡು, ಅಷ್ಟು ಸಾಕು.” ಒಂದು ಡಬ್ಬ ಒಂದು ತೋಟವಾಯಿತು. ವಾಪಸು ಹೋಗಬೇಕಾದ ಪೆಟ್ಟಿಗೆ ಮಾತ್ರ ಪ್ರತಿ ವರ್ಷ ಮುಂದಿನ ವರ್ಷಕ್ಕೆ ಹೋಯಿತು.

ಮದುವೆಯಾಗದ ಹೊಗೆಯಣ್ಣನಿಗೆ ಭಾನುವಾರದ ಊಟ ಅಕ್ಕನ ಮನೆಯಲ್ಲೇ. ಊಟಕ್ಕೆ ಮುಂಚೆ ಅಕ್ಕನೇ ಅವನ ಮನೆಗೆ ಬರುತ್ತಿದ್ದಳು, ಭಾವನ ಫೋನು ಹಿಡಿದುಕೊಂಡು. ಹೋದ ವರ್ಷ ಭಾವನಿಗೆ ಎದೆನೋವು ಬಂದು, ದಿನಾ ನಡೆಯಬೇಕು ಎಂದು ಪೇಟೆಯ ಹೃದಯದ ಆಸ್ಪತ್ರೆಯವರು ಹೇಳಿದ್ದರು. ಅದೇ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಮಗಳು ಒಂದು ಸ್ಮಾರ್ಟ್‌ವಾಚ್ ತಂದು ಅಪ್ಪನ ಕೈಗೆ ಕಟ್ಟಿದ್ದಳು. ಎಲ್ಲಿ ನಡೆದ, ಎಷ್ಟು ನಡೆದ, ಆಗ ಎದೆ ಹೇಗೆ ಬಡಿದುಕೊಂಡಿತು ಎಲ್ಲ ಅದರಲ್ಲಿ ದಾಖಲಾಗುತ್ತಿತ್ತು. ತೊಡಕೆಂದರೆ, ವಾಚಿನ ಆ್ಯಪ್ ಬೇರೆ, ಆಸ್ಪತ್ರೆಯವರು ನೋಡುವ ಆ್ಯಪ್ ಬೇರೆ. ಪಾಲಾದ ಅಣ್ಣತಮ್ಮಂದಿರ ಹಾಗೆ ಒಂದಕ್ಕೊಂದು ಮಾತಿಲ್ಲ. ಒಂದರಿಂದ ಫೈಲು ತೆಗೆದು ಇನ್ನೊಂದಕ್ಕೆ ಹಾಕಲು ನಡುವೆ ಒಬ್ಬ ಮನುಷ್ಯ ಬೇಕು. ಜೇನು ಮಾರಲೆಂದು ಕಂಪ್ಯೂಟರ್ ಇಟ್ಟುಕೊಂಡಿದ್ದ ಹೊಗೆಯಣ್ಣನೇ ಆ ಮನುಷ್ಯ.

“ತಗೊಳ್ಳೋ, ನಿಮ್ಮ ಭಾವನ ತಿರುಗಾಟ,” ಎಂದು ಪೆಟ್ಟಿಗೆ ಹೋದ ಆ ವಾರವೂ ಅಕ್ಕ ಫೋನು ಮೇಜಿನ ಮೇಲಿಟ್ಟಳು. “ಮದುವೆಯಾದಾಗಿಂದ ಈ ಮನುಷ್ಯ ಎಲ್ಲಿ ಹೋಗ್ತಾರೆ ಅಂತ ನಂಗೊತ್ತಾಗಿರ್ಲಿಲ್ಲ. ನೀನಾದ್ರೂ ತಿಳ್ಕೋ.”

“ತಿಳ್ಕೊಂಡು ನಾನೇನ್ ಮಾಡ್ಲಿ ಅಕ್ಕಾ?”

“ಮಗಳಿಗೆ ಕಳ್ಸು. ಅವಳು ಬಯ್ಯೋದು ಬಯ್ತಾಳೆ.”

ಅವನು ಪಟ್ಟಿಯಲ್ಲಿದ್ದ ನಡಿಗೆಗಳನ್ನು ಒಂದೊಂದಾಗಿ ಒತ್ತಿ ಹಿಡಿದು, ಎಕ್ಸ್‌ಪೋರ್ಟ್ ಮಾಡಿ, ಆಸ್ಪತ್ರೆಯ ಪುಟಕ್ಕೆ ಏರಿಸಿದ. ಒಂದನ್ನೂ ತೆರೆದು ನೋಡುವ ರೂಢಿ ಅವನಿಗಿರಲಿಲ್ಲ. ಅಂಚೆಯವನು ಕಾಗದ ಓದುತ್ತಾನೆಯೇ? ಆದರೆ ಆ ದಿನ ಅಕ್ಕ ಹೋದ ಮೇಲೆ ಆಸ್ಪತ್ರೆಯ ಪುಟದಲ್ಲಿ ನಕ್ಷೆ ತಾನಾಗಿ ಬಿಚ್ಚಿಕೊಂಡಿತು. ಭಾವನ ಕೆಂಪು ಗೆರೆ ಮನೆಯಿಂದ ಹೊರಟು, ಕಾಲುವೆಯ ದಂಡೆ ಹಿಡಿದು, ಮೋರಿಯವರೆಗೆ ಬಂತು. ಅಲ್ಲಿಂದ ಗುಡ್ಡದ ಬುಡ ಸುತ್ತಿ ಡಾಂಬರು ರಸ್ತೆಯಲ್ಲಿ ಮನೆ ಸೇರಬೇಕು. ಸುತ್ತಲಿಲ್ಲ. ಸಾಸಿವೆ ಹೊಲ ಸೀಳಿಕೊಂಡು, ಜೇನುತೋಟದ ನಟ್ಟನಡುವೆ ಹಾದು, ಮನೆಯ ತಿರುವಿನಲ್ಲಿ ಹೋಗಿ ಕೂಡಿತು.

ಹೊಗೆಯಣ್ಣ ಕಣ್ಣುಜ್ಜಿಕೊಂಡು ನೋಡಿದ. ಮತ್ತೊಂದು ದಿನದ ನಡಿಗೆ ತೆರೆದ. ಅದೇ ಗೆರೆ. ಇನ್ನೊಂದು ದಿನದ್ದೂ ಅದೇ. ನಡುವೆ ಹಳ್ಳವಿದೆ, ಮುಳ್ಳುಬೇಲಿಯಿದೆ, ಮನುಷ್ಯ ಅಷ್ಟು ನೆಟ್ಟಗೆ ಹೇಗೆ ನಡೆದಾನು ಎಂಬ ಪ್ರಶ್ನೆ ಬಂತು. ಅವಸರದಲ್ಲಿರುವವನು ನೆಟ್ಟಗೇ ಹೋಗುತ್ತಾನೆ ಎಂದು ತಾನೇ ಉತ್ತರ ಹೇಳಿಕೊಂಡ. ಅನುಮಾನಕ್ಕೆ ಉತ್ತರ ಒದಗಿಸುವವರು ಬೇರೆ ಯಾರೂ ಬೇಕಿರುವುದಿಲ್ಲ.

ಇದನ್ನು ಮಗಳು ನೋಡಿದರೆ ಅಪ್ಪನಿಗೆ ಹೇಳಿಯಾಳು, ಭಾವ ಹುಷಾರಾಗಿಬಿಟ್ಟಾನು. ಹಾಗೆಂದುಕೊಂಡು ಹೊಗೆಯಣ್ಣ ಗೆರೆ ಇದ್ದ ನಡಿಗೆಗಳನ್ನೆಲ್ಲ ಆಸ್ಪತ್ರೆಯ ಪುಟದಿಂದ ಅಳಿಸಿದ. ಓಟಗಾರರು ಬಳಸುವ ಇನ್ನೊಂದು ಆ್ಯಪಿನಲ್ಲಿ ತನ್ನ ಹೆಸರಿನಲ್ಲೇ ಖಾತೆ ತೆರೆದು ಅವನ್ನು ಅಲ್ಲಿ ಸೇರಿಸಿಟ್ಟ. ಮುಂದಿನ ಭಾನುವಾರಗಳ ನಡಿಗೆಗಳೂ ಅಲ್ಲಿಗೇ ಹೋದವು. ಆ್ಯಪು ಏನೂ ಅರಿಯದೆ ಅವನ ಬೆನ್ನು ತಟ್ಟಿತು: ಶಭಾಷ್, ನಿಮ್ಮ ನಡಿಗೆ ದಿನೇದಿನೇ ಸುಧಾರಿಸುತ್ತಿದೆ.

ಅಕ್ಕನ ಮನೆಯ ಊಟಕ್ಕೆ ಈಗ ಅವನು ತಡವಾಗಿ ಹೋಗಿ ಬೇಗ ಏಳುತ್ತಿದ್ದ. ಕೇಳಿಬಿಟ್ಟರೆ ಇರುವ ಒಂದು ಮನೆಯ ಬಾಗಿಲೂ ಮುಚ್ಚೀತು. ಕೇಳದಿದ್ದರೆ ಪೆಟ್ಟಿಗೆಗಳು ಒಂದೊಂದಾಗಿ ಖಾಲಿಯಾದಾವು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಒಂದು ಭಾನುವಾರ ತಟ್ಟೆ ನೋಡುತ್ತಲೇ ಕೇಳಿದ:

“ಭಾವ, ಬೆಳಿಗ್ಗೆ ಯಾವ ಕಡೆ ನಡೀತೀರಿ?”

ಭಾವನ ಕೈ ಬಾಯಿಯ ಹತ್ತಿರ ನಿಂತಿತು. “ಯಾವ ಕಡೆ ಅಂದ್ರೆ? ಕಾಲುವೆ, ಮೋರಿ, ಗುಡ್ಡ ಸುತ್ಕೊಂಡು ಮನೆ.”

“ಪೂರ್ತಿ ಸುತ್ತೂ ನಡೀತೀರಾ?”

“ನಡೀದೆ ಹಾರ್ಕೊಂಡ್ ಬರ್ತೀನಾ?” ಎಂದ ಭಾವ ಅಕ್ಕನ ಕಡೆ ಒಂದು ಸಲ ನೋಡಿದ. ಹಣೆಯ ಮೇಲೆ ಬೆವರಿತ್ತು. ಮಾತು ತಿರುಗಿಸಿದ: “ಅದಿರ್ಲಿ, ನನ್ ಪೆಟ್ಟಿಗೆ ಯಾವಾಗ ಕೊಡ್ತೀಯೋ? ನೀನಾಗಿ ಕೊಡ್ತೀಯೋ, ನಾನೇ ಬಂದು ಎತ್ಕೊಂಡ್ ಹೋಗ್ಬೇಕೋ?”

ವರ್ಷಗಳಿಂದ ಕೇಳಿ ಕೇಳಿ ಸವೆದಿದ್ದ ತಮಾಷೆ. ಅಕ್ಕ ಎಂದಿನಂತೆ ನಕ್ಕಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದುಕೊಂಡ ಹೊಗೆಯಣ್ಣ, ಕೈ ತೊಳೆಯಲು ಎದ್ದ.

ವಾರದ ನಡುವೆ ಅಕ್ಕನ ಮಗಳ ಫೋನು ಬಂತು. “ಮಾಮ, ಅಪ್ಪನ ವಾಕ್ ಯಾವ್ದೂ ಬರ್ತಾನೇ ಇಲ್ಲ ನಮಗೆ. ಅಮ್ಮ ನೋಡಿದ್ರೆ ಮಾಮಂಗೆ ಕೊಡ್ತಾ ಇದೀನಿ ಅಂತಾರೆ.”

“ಅದೇನೋ ಹತ್ತುತ್ತಾ ಇಲ್ಲ ಕಣಮ್ಮ. ಇಲ್ಲಿ ನೆಟ್‌ವರ್ಕ್ ಸರಿ ಇಲ್ಲ.”

“ಬೇಗ ನೋಡು ಮಾಮ. ಅಪ್ಪ ಫೋನಲ್ಲಿ ಚೆನ್ನಾಗಿದೀನಿ ಅಂತಾನೇ ಹೇಳ್ತಾರೆ. ಅವರ ಮಾತು ನಂಬೋ ಹಾಗಿಲ್ಲ.”

ನಂಬುವ ಹಾಗಿಲ್ಲ ಎಂಬ ಮಾತೊಂದೇ ಹೊಗೆಯಣ್ಣನ ಕಿವಿಯಲ್ಲಿ ಉಳಿಯಿತು. ಸ್ವಂತ ಮಗಳೇ ಹೇಳುತ್ತಾಳೆ!

ಶನಿವಾರ ಬೆಳಕು ಹರಿಯುವ ಮುಂಚೆ ಅವನು ಮುಖದ ಪರದೆ ಹಾಕಿಕೊಂಡು ತೋಟದ ನಡುವೆ, ಎರಡು ಪೆಟ್ಟಿಗೆಗಳ ಸಂದಿನಲ್ಲಿ ಕೂತ. ಗೆರೆ ಸರಿಯಾಗಿ ಅಲ್ಲೇ ಹಾಯುತ್ತಿತ್ತು. ಹಿಡಿದಾಗ ಆಡಬೇಕಾದ ಮಾತನ್ನು ಹಿಂದಿನ ದಿನವೇ ಜೋಡಿಸಿಟ್ಟುಕೊಂಡಿದ್ದ. ಸಾಸಿವೆಯ ಮೇಲೆ ಇಬ್ಬನಿ ಕೂತಿತ್ತು. ಪೆಟ್ಟಿಗೆಗಳ ಒಳಗಿನಿಂದ ಸಣ್ಣ ಗುಂಯ್ ಸದ್ದು ಬರುತ್ತಿತ್ತು. ದೂರದ ರಸ್ತೆಯಲ್ಲಿ ಹಾಲಿನ ವ್ಯಾನು ಹಾರ್ನ್ ಹೊಡೆಯಿತು, ಸ್ವಲ್ಪ ನಿಂತಿತು, ಮತ್ತೆ ಹೊರಟಿತು. ಬಿಸಿಲು ಬಿತ್ತು, ಹುಳಗಳು ಬಾಗಿಲಿಗೆ ಬಂದು ರೆಕ್ಕೆ ಕೊಡವಿ ಹಾರಿದವು. ಹೊಲದಲ್ಲಿ ಒಂದು ಗಿಡವೂ ಅಲುಗಲಿಲ್ಲ. ಭಾವ ಬರಲಿಲ್ಲ.

ಹೊಗೆಯಣ್ಣನಿಗೆ ಸಮಾಧಾನವಾಗಬೇಕಿತ್ತು. ಆಗಿದ್ದು ಬೇಜಾರು. ಇವತ್ತು ನಡಿಗೆಗೇ ಹೊರಟಿಲ್ಲವೇನೋ, ಯಾರೋ ಸುಳಿವು ಕೊಟ್ಟಿರಬೇಕು ಎಂದು ಗೊಣಗುತ್ತ ಮನೆಗೆ ಬಂದ.

ಭಾನುವಾರ ಅಕ್ಕ ಫೋನು ಕೊಟ್ಟು ಹೋದಳು. ಶನಿವಾರದ ನಡಿಗೆ ಪಟ್ಟಿಯಲ್ಲಿತ್ತು. ಅದನ್ನು ತೆಗೆದು ತನ್ನ ಖಾತೆಗೆ ಹಾಕಿ ನಕ್ಷೆ ತೆರೆದ. ಮನೆ, ಕಾಲುವೆ, ಮೋರಿ. ಅಲ್ಲಿಂದ ಕೆಂಪು ಗೆರೆ ಬಾಣದ ಹಾಗೆ ಬಂದು, ಅವನು ಕೂತಿದ್ದ ಆ ಎರಡು ಪೆಟ್ಟಿಗೆಗಳ ಸಂದಿನಲ್ಲೇ ಹಾದುಹೋಗಿತ್ತು. ಅಂದರೆ ಭಾವ ತನ್ನ ತಲೆಯ ಮೇಲೇ ಕಾಲಿಟ್ಟು ದಾಟಿರಬೇಕು!

ಅವನು ಬಹಳ ಹೊತ್ತು ಆ ಗೆರೆಯನ್ನೇ ನೋಡಿದ. ತಾನು ಅಲ್ಲಿದ್ದದ್ದು ನಿಜ. ಯಾರೂ ಬಾರದಿದ್ದದ್ದೂ ನಿಜ. ಹಾಗಾದರೆ ಸುಳ್ಳು ಹೇಳುತ್ತಿರುವುದು ಗೆರೆ.

ಮೊಟ್ಟಮೊದಲ ಸಲ ಭಾವನ ಫೋನಿನಲ್ಲಿ, ವಾಚಿನ ಸ್ವಂತ ಆ್ಯಪಿನಲ್ಲೇ, ಆ ನಡಿಗೆಯನ್ನು ತೆರೆದ. ಅಲ್ಲಿ ಗೆರೆ ಇರಲಿಲ್ಲ. ಮೋರಿಯ ಹತ್ತಿರ ‘ನಿಲ್ಲಿಸಲಾಗಿದೆ’ ಎಂದಿತ್ತು. ಮನೆಯ ತಿರುವಿನಲ್ಲಿ ‘ಮತ್ತೆ ಶುರು’ ಎಂದಿತ್ತು. ನಡುವೆ ಮಸುಕಾದ ಚುಕ್ಕಿಗಳು ಮಾತ್ರ. ಭಾವ ಮೋರಿಯಲ್ಲಿ ವಾಚು ನಿಲ್ಲಿಸಿದ್ದಾನೆ, ಮನೆಯ ಹತ್ತಿರ ಬಂದು ಮತ್ತೆ ಒತ್ತಿದ್ದಾನೆ. ಫೈಲು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಾಗ ಆ ನಿಲುಗಡೆ ಉದುರಿಹೋಗಿದೆ. ಅತ್ತಲಿನ ಆ್ಯಪು ತುಂಡಾದ ಎರಡು ತುದಿಗಳನ್ನು ನೆಟ್ಟಗೆ ಗಂಟು ಹಾಕಿದೆ. ಗಂಟು ಬಿದ್ದದ್ದು ಜೇನುತೋಟದ ಮೇಲೆ.

ಮತ್ತೆ ಮೋರಿಯಲ್ಲಿ ಯಾಕೆ ನಿಲ್ಲಿಸಿದ? ನಕ್ಷೆಯ ಕೆಳಗೆ ಎದೆಬಡಿತದ ಗೆರೆಯೂ ಇತ್ತು. ಕಾಲುವೆಯುದ್ದಕ್ಕೂ ಸಮನಾಗಿ ಬಂದದ್ದು ಮೋರಿ ಹತ್ತಿರವಾಗುತ್ತಿದ್ದಂತೆ ಗುಡ್ಡ ಹತ್ತಿದ ಹಾಗೆ ಏರಿತ್ತು. ಹಿಂದಿನ ನಡಿಗೆಗಳಲ್ಲೂ ಏರಿತ್ತು. ಪ್ರತಿ ವಾರ ಸ್ವಲ್ಪ ಇತ್ತಲೇ, ಸ್ವಲ್ಪ ಮುಂಚೆಯೇ.

ಶನಿವಾರ ಬೆಳಿಗ್ಗೆ ದೂರದ ರಸ್ತೆಯಲ್ಲಿ ನಿಂತು ಹೊರಟ ಹಾಲಿನ ವ್ಯಾನು ನೆನಪಾಯಿತು. ಸಂಜೆಗೆ ಕಾಯದೆ ಹೊಗೆಯಣ್ಣ ಹಾಲಿನ ಕೇಂದ್ರಕ್ಕೆ ಓಡಿದ. ವ್ಯಾನಿನವನು ಕ್ಯಾನುಗಳನ್ನು ತೊಳೆಯುತ್ತಿದ್ದ.

“ಬೆಳಿಗ್ಗೆ ಮೋರಿ ಹತ್ರ ವ್ಯಾನ್ ಯಾಕೆ ನಿಲ್ಲಿಸ್ತೀಯಯ್ಯಾ?”

“ಯಾಕೆ ಅಂದ್ರೆ? ಹಾಗೇ.”

“ನಮ್ಮ ಭಾವನ್ನ ಹತ್ತಿಸ್ಕೊಳ್ತೀಯಾ?”

ವ್ಯಾನಿನವನು ಬ್ರಷ್ಷು ಕೆಳಗಿಟ್ಟ. “ನಾನ್ ಹೇಳ್ದೆ ಅಂತ ಹೇಳ್ಬೇಡ ಹೊಗೆಯಣ್ಣ. ಮೋರಿ ಮೇಲೆ ಎದೆ ಒತ್ಕೊಂಡು ಕೂತಿರ್ತಾರೆ. ಡಾಕ್ಟ್ರಿಗೆ ತೋರ್ಸಿ ಅಂದ್ರೆ, ಶೆಡ್ ಮುಚ್ಚಿಸ್ಬಿಡ್ತಾಳೆ ಕಣೋ ನನ್ ಮಗಳು, ಅಂತಾರೆ. ಆಣೆ ಬೇರೆ ಹಾಕಿಸ್ಕೊಂಡಿದಾರೆ. ಮನೆ ತಿರುವಿನಲ್ಲಿ ಇಳಿದು, ಬೆವರು ಒರೆಸ್ಕೊಂಡು, ವಾಚ್ ಒತ್ಕೊಂಡು, ಜೋರಾಗಿ ನಡ್ಕೊಂಡ್ ಹೋಗ್ತಾರೆ ಪಾಪ.”

ಹೊಗೆಯಣ್ಣ ಮನೆಗೆ ಬಂದು, ಬಚ್ಚಿಟ್ಟಿದ್ದ ನಡಿಗೆಗಳನ್ನೆಲ್ಲ ಒಂದೊಂದಾಗಿ ಆಸ್ಪತ್ರೆಯ ಪುಟಕ್ಕೆ ಏರಿಸಿದ. ಅವಸರದಲ್ಲಿ ಎರಡು ಸಲ ತಪ್ಪು ಒತ್ತಿದ. ಕೊನೆಯದು ಏರಿ ಸ್ವಲ್ಪ ಹೊತ್ತಿಗೆಲ್ಲ ಫೋನು ಬಡಿದುಕೊಂಡಿತು.

“ಮಾಮ, ಇಷ್ಟು ದಿನ ಎಲ್ಲಿತ್ತು ಇದು?”

“ನನ್ ಹತ್ರಾನೇ ಇತ್ತಮ್ಮ.”

“ನಿನ್ ಹತ್ರ? ಅದನ್ನ ಆಮೇಲೆ ಮಾತಾಡೋಣ. ಅಪ್ಪನ್ನ ಈಗಲೇ ಕರ್ಕೊಂಡ್ ಬಾ. ನಡೆಸ್ಬೇಡ. ಒಂದು ಹೆಜ್ಜೇನೂ ನಡೆಸ್ಬೇಡ.”

ಹಾಲಿನ ವ್ಯಾನಿನಲ್ಲೇ ಒಯ್ದರು. ಕ್ಯಾನುಗಳ ನಡುವೆ ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ಭಾವ, “ಏನೂ ಆಗಿಲ್ಲ ಕಣೇ, ಗ್ಯಾಸು,” ಎನ್ನುತ್ತಲೇ ಇದ್ದ. ಅಲ್ಲ ಎಂದು ಆಸ್ಪತ್ರೆಯಲ್ಲಿ ಗೊತ್ತಾಯಿತು. ರಕ್ತನಾಳ ಕಟ್ಟಿಕೊಂಡಿತ್ತು. ಸ್ಟೆಂಟು ಹಾಕಿದರು. ಇನ್ನೊಂದು ವಾರ ತಡವಾಗಿದ್ದರೆ ಹೇಳಲು ಬರುತ್ತಿರಲಿಲ್ಲ ಎಂದು ಡಾಕ್ಟರು ಅಕ್ಕನಿಗೆ ಹೇಳಿದ್ದನ್ನು ಹೊಗೆಯಣ್ಣ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡ.

ಸಾಸಿವೆ ಕಾಯಿ ಕಟ್ಟುವ ಹೊತ್ತಿಗೆ ಭಾವ ಮನೆಗೆ ಬಂದು, ಶೆಡ್ಡಿನ ಮುಂದೆ ಕುರ್ಚಿ ಹಾಕಿಕೊಂಡು ಕೂರುವಂತಾಗಿದ್ದ. ಒಂದು ಸಂಜೆ, ಹುಳಗಳೆಲ್ಲ ಗೂಡು ಸೇರಿದ ಮೇಲೆ, ಹೊಗೆಯಣ್ಣ ತನ್ನ ತೋಟದ ಅತ್ಯಂತ ಗಟ್ಟಿ ಕುಟುಂಬವನ್ನು ಪಾಲು ಮಾಡದೆ, ಇಡಿಯಾಗಿ, ಹೊತ್ತು ತಂದ. ಶೆಡ್ಡಿನ ಹಿಂದೆ ಕಾಲುಮಣೆ ಹೂಡಿ, ಪೆಟ್ಟಿಗೆ ಇಟ್ಟು, ಬಾಗಿಲಿನ ಬಟ್ಟೆ ಎಳೆದ.

ಭಾವ ನಿಧಾನಕ್ಕೆ ಎದ್ದು ಬಂದು ಪೆಟ್ಟಿಗೆಗೆ ಕಿವಿಯಿಟ್ಟ. “ಅಬ್ಬಾ, ಬಂತಲ್ಲಪ್ಪಾ. ನಾನು ಸಾಯೋದನ್ನೇ ಕಾಯ್ತಾ ಇದ್ಯೇನೋ ಅಂತಿದ್ದೆ.” ತಾನೇ ನಕ್ಕ. “ಹೌದು, ನಿನ್ ಪೆಟ್ಟಿಗೆ ಕದ್ದೋನು ಸಿಕ್ಕಿದ್ನಾ?”

“ಇಲ್ಲ ಭಾವ. ಹೊಳೆಯಾಚೆ ಊರಲ್ಲೂ ಹೋಗಿದಾವಂತೆ.”

“ಯಾರ ಮೇಲಾದ್ರೂ ಅನುಮಾನ?”

ಹೊಗೆಯಣ್ಣ ಬಟ್ಟಲಿಗೆ ನೀರು ಹುಯ್ಯುತ್ತಿದ್ದ. ಚೊಂಬು ಕೆಳಗಿಟ್ಟು, ಜೇಬಿನಿಂದ ಫೋನು ತೆಗೆದು ಭಾವನ ಕೈಗೆ ಕೊಟ್ಟ. ಪರದೆಯ ಮೇಲೆ ಅವನ ಹೆಸರು, ಕೆಳಗೆ ಚಿನ್ನದ ಬಣ್ಣದ ಪದಕ: ಕಳೆದ ತಿಂಗಳು ನೀವು ಅದ್ಭುತವಾಗಿ ನಡೆದಿದ್ದೀರಿ.

“ಇದೇನೋ? ನೀನು ಯಾವಾಗ ನಡೆದೆ?”

“ನಡೆದಿದ್ದು ನೀವು. ನನ್ ಹೆಸರಲ್ಲಿ ಬಚ್ಚಿಟ್ಕೊಂಡಿದ್ದೆ.” ಆಮೇಲೆ ಎಲ್ಲ ಹೇಳಿದ. ತೋಟದ ಮೇಲೆ ಹಾದ ಗೆರೆ, ಅಳಿಸಿದ್ದು, ಮಗಳಿಗೆ ಹೇಳಿದ ಸುಳ್ಳು, ಪರದೆ ಹಾಕಿಕೊಂಡು ಕೂತ ಆ ಬೆಳಿಗ್ಗೆ.

ಭಾವನಿಗೆ ಮೊದಲು ನಗು ಬಂತು. “ಅಂದ್ರೆ ಕಳ್ಳ ನೀನೇ ಅನ್ನು!” ನಗು ಅರ್ಧಕ್ಕೆ ನಿಂತಿತು. “ನನ್ನನ್ನ ಹಿಡಿಯೋಕೆ ಕೂತಿದ್ಯಾ?”

“ಹೂಂ.”

“ಆಗ ನಾನು ಮೋರಿ ಮೇಲೆ ಕೂತಿದ್ದೆ ಕಣೋ. ಉಸಿರು ಸಿಗದೆ.”

ಹೊಗೆಯಣ್ಣ ಚೊಂಬು ಎತ್ತಿ ಉಳಿದ ಬಟ್ಟಲಿಗೂ ನೀರು ಹುಯ್ದ. ಹೊಸ ಜಾಗಕ್ಕೆ ಬಂದ ಎರಡು ಹುಳ ಬಾಗಿಲಿಗೆ ಬಂದು, ಸುತ್ತ ನೋಡಿ, ಒಳಗೆ ಹೋದವು. ಒಳಗಿನಿಂದ ಅಕ್ಕ ಊಟಕ್ಕೆ ಕರೆದಳು. ಭಾವ ಫೋನನ್ನು ಅವನ ಜೇಬಿಗೆ ವಾಪಸು ಇಟ್ಟು, ಒಂದು ಕೈಯನ್ನು ಪೆಟ್ಟಿಗೆಯ ಮುಚ್ಚಳದ ಮೇಲೆ ಊರಿ ನಿಂತ.

“ಪೆಟ್ಟಿಗೆ ಸಾಲ ತೀರ್ತು,” ಎಂದ. “ಅನುಮಾನದ್ದು ಮಾತ್ರ ಬಾಕಿ ಇರ್ಲಿ. ನಡಿ, ಅಕ್ಕ ಕರೀತಿದಾಳೆ.”