ಎರಡು ಗುರುತುಗಳು ಕೂಡುವಲ್ಲಿ

“ಕೈ ಒರೆಸ್ಕೊ ಮಾರಾಯ್ತಿ, ಕೀಬೋರ್ಡಿಗೆಲ್ಲ ಕೆನೆ ಮೆತ್ತುತ್ತೆ!”

ಮಹಿಳಾ ಸಂಘದ ಹೆಂಗಸೊಬ್ಬಳು ಒಲೆಯ ಬಳಿಯಿಂದ ಕೂಗಿದ್ದು ಗ್ರೋವಾಳ ಕಿವಿಗೆ ಬೀಳಲಿಲ್ಲ. ಊರ ಸಭಾಭವನದ ಅಡುಗೆಮನೆಯಲ್ಲಿ, ಸಿಗಡಿ ಜೋಡಿಸಿದ ಎರಡು ಬ್ರೆಡ್ ಕೇಕುಗಳ ನಡುವೆ ಸತ್ತವಳ ಲ್ಯಾಪ್‌ಟಾಪನ್ನಿಟ್ಟುಕೊಂಡು, ಅವಳು ಅದರೊಳಗಿನ ಫೋಲ್ಡರುಗಳನ್ನು ಒಂದಾದ ಮೇಲೊಂದು ತೆರೆಯುತ್ತಿದ್ದಳು. ಗಡಿಯಾರದಲ್ಲಿ ಹತ್ತೂವರೆ. ಎರಡಕ್ಕೆ ಚರ್ಚಿನಲ್ಲಿ ಹೆರ್ಡಿಸಳ ಸಂಸ್ಕಾರ, ಮೂರೂವರೆಗೆ ಇದೇ ಭವನದಲ್ಲಿ ಕಾಫಿ. ಆ ಕಾಫಿಯ ಹೊತ್ತಿಗೆ ಊರ ಚರಿತ್ರೆ ಸಂಘದ ಅಧ್ಯಕ್ಷ ಆಸ್‌ಗ್ರಿಮುರ್ ಎದ್ದು ನಿಂತು, ಹೆರ್ಡಿಸ್ ಹತ್ತೊಂಬತ್ತು ವರ್ಷ ಕೂಡಿಹಾಕಿದ್ದೆಲ್ಲವೂ ತನ್ನ ಮೂರು ಸಂಪುಟಗಳ ‘ಕೊಲ್ಲಿಯ ಕಪ್ತಾನರು’ ಪುಸ್ತಕದ ತುದಿಯಲ್ಲಿ ಹನ್ನೆರಡು ಪುಟಗಳ ಅನುಬಂಧವಾಗಲಿದೆ ಎಂದು ಸಾರುವವನಿದ್ದ.

ಹೆರ್ಡಿಸಳ ಮಗ ಕ್ಯಾರ್ತಾನ್ ಕುರ್ಚಿಗಳನ್ನು ಹೊತ್ತು ಒಳಬಂದವನು ಬಾಗಿಲಲ್ಲೇ ನಿಂತ.

“ಟೀಚರ್, ಅದನ್ನ ಆಸ್‌ಗ್ರಿಮುರ್‌ಗೆ ಕೊಡಕ್ಕೆ ಅಂತ ತಂದಿದ್ದು ನಾನು.”

“ಕೊಡುವೆಯಂತೆ. ಈಗಲೇ ಯಾಕೆ ಅವಸರ?”

“ಅವಸರ ನಂದಲ್ಲ. ನೀವೇ ತಾನೆ ಸಂಘಕ್ಕೆ ಕಾಗದ ಬರ್ದಿದ್ದು? ಇದು ಪುಸ್ತಕ ಆಗಲ್ಲ ಅಂತ.”

ಬರೆದದ್ದು ಹೌದು. ಸಾಮಗ್ರಿ ಅಮೂಲ್ಯ, ಆದರೆ ರೂಪವಿಲ್ಲ, ಇದು ಪುಸ್ತಕವಾಗಲಾರದು. ಈ ವರ್ಷದ ಏಪ್ರಿಲ್ ತಿಂಗಳಲ್ಲಿ, ಸಂಘ ಅಭಿಪ್ರಾಯ ಕೇಳಿದಾಗ, ಒಳ್ಳೆಯ ಶಾಯಿಯಲ್ಲಿ, ಒಂದೂ ಕಾಟು ಬೀಳದಂತೆ ಬರೆದು ಸಹಿ ಹಾಕಿದ್ದಳು. ನಲವತ್ತು ವರ್ಷ ಈ ಊರಿನ ಮಕ್ಕಳಿಗೆ ಸರಿ ತಪ್ಪು ಗುರುತುಹಾಕಿದ ಕೈಯದು. ಅದರ ತೀರ್ಪಿಗೆ ಎದುರಾಡುವವರು ಊರಿನಲ್ಲಿ ಯಾರಿದ್ದರು?

“ಕಾಫಿ ಮುಗಿಯೋ ತನಕ ಇದು ನನ್ನ ಹತ್ರ ಇರ್ಲಿ,” ಎಂದಳು ಗ್ರೋವಾ. ಶಾಲೆಯ ದನಿ ಕೇಳಿದ ಕ್ಯಾರ್ತಾನ್ ನಲವತ್ತೈದರ ವಯಸ್ಸಿನಲ್ಲೂ ಸುಮ್ಮನೆ ಕುರ್ಚಿ ಇಳಿಸಿದ.

* * *

ಏಳು ವರ್ಷಗಳ ಹಿಂದಿನ ಚಳಿಗಾಲದಲ್ಲಿ ಗ್ರೋವಾ ಗ್ರಂಥಾಲಯದಲ್ಲಿ ಹಿರಿಯರಿಗೊಂದು ತರಗತಿ ನಡೆಸಿದ್ದಳು. ದೊಡ್ಡ ಬರವಣಿಗೆಯನ್ನು ಲ್ಯಾಪ್‌ಟಾಪಿನ ಟಿಪ್ಪಣಿಪುಸ್ತಕದಲ್ಲಿ ಜೋಡಿಸುವ ಬಗೆ ಹೇಗೆಂಬುದು ಪಾಠ. ಆ ಊರಿನಲ್ಲಿ ಪುಸ್ತಕ ಬರೆಯದವರಿಗಿಂತ ಬರೆಯುತ್ತಿದ್ದವರೇ ಹೆಚ್ಚು, ತರಗತಿ ಕಿಕ್ಕಿರಿದಿತ್ತು. “ಒಂದು ಟಿಪ್ಪಣಿಗೆ ಒಂದೇ ವಿಷಯ. ಟಿಪ್ಪಣಿ ಫೋಲ್ಡರಿನೊಳಗೆ, ಫೋಲ್ಡರು ಅಧ್ಯಾಯದೊಳಗೆ. ಬರೆಯುವ ಮೊದಲು ಅಧ್ಯಾಯ ಕಟ್ಟಬೇಕು,” ಎಂದು ಅವಳು ಹಲಗೆಯ ಮೇಲೆ ಮರದ ಕೊಂಬೆಗಳಂತೆ ಬರೆದು ತೋರಿಸಿದ್ದಳು.

ಕೊನೆಯ ಸಾಲಿನಲ್ಲಿ ಹೆರ್ಡಿಸ್ ಕೂತಿದ್ದಳು. ಮೀನು ಕಾರ್ಖಾನೆಯಲ್ಲಿ ನಲವತ್ತೊಂದು ವರ್ಷ ಮೀನು ಸೀಳಿ ನಿವೃತ್ತಳಾದವಳು. ಅವಳ ಕಾಲಬುಡದ ಪೆಟ್ಟಿಗೆಯ ತುಂಬ ಕಾಗದದ ಚೂರುಗಳು: ಕ್ಯಾಲೆಂಡರಿನ ಹಾಳೆ, ತೂಕದ ಚೀಟಿ, ಹರಿದ ಲಕೋಟೆ. ಪ್ರತಿಯೊಂದರಲ್ಲೂ ಕೊಲ್ಲಿಯ ಉಪ್ಪುಮೀನಿನ ಕಟ್ಟೆಗಳಲ್ಲಿ ನಿಂತು ಹೆರಿಂಗ್ ಮೀನನ್ನು ಪೀಪಾಯಿಗೆ ತುಂಬಿದ ಒಬ್ಬ ಹೆಂಗಸು, ಅವಳ ಒಂದು ದಿನ.

ವಾರದ ಮೇಲೆ ಹೆರ್ಡಿಸ್ ಬಂದಳು. ಹೇಳಿಕೊಟ್ಟಂತೆ ಕಟ್ಟಿದ ಅಧ್ಯಾಯಗಳನ್ನೆಲ್ಲ ಅಳಿಸಿಬಿಟ್ಟಿದ್ದಳು.

“ಗ್ರೋವಾ, ನಿನ್ನ ಪೆಟ್ಟಿಗೆಗಳಲ್ಲಿ ಇವರೆಲ್ಲ ಇನ್ನೊಂದ್ಸಲ ಸತ್ತುಹೋದ್ರು.”

“ಹಾಗಂದ್ರೆ?”

“ನಲವತ್ತೆಂಟನೇ ಇಸವೀಲಿ ಪೀಪಾಯಿ ತುಂಬಿದವಳು ಒಂದು ಪೆಟ್ಟಿಗೇಲಿ. ಅರವತ್ತೆರಡರಲ್ಲಿ ಅದೇ ಹಲಗೆ ಮೇಲೆ ನಿಂತ ಅವಳ ಮಗಳು ಇನ್ನೊಂದರಲ್ಲಿ. ತಾಯಿ ಮಗಳು ಮಾತಾಡ್ಕೊಳ್ಳೋದು ಬೇಡ್ವಾ?”

“ಪುಸ್ತಕ ಅಂದ್ರೆ ಕ್ರಮ, ಹೆರ್ಡಿಸ್.”

“ಕ್ರಮ ಇದೆ. ನಿನ್ನದಲ್ಲ, ಅಷ್ಟೆ.”

* * *

ಆ ಕ್ರಮವೇ ಈಗ ಗ್ರೋವಾಳ ಕಣ್ಣೆದುರಿಗಿತ್ತು, ಮತ್ತು ಅವಳಿಗೆ ಅದು ಅರ್ಥವಾಗುತ್ತಿರಲಿಲ್ಲ. ‘ಚರ್ಚಿನ ಗೋಪುರ’, ‘ಕರಿಮೂತಿ’, ‘ಬಿಳಿಝರಿ’, ‘ಅಜ್ಜಿಬಂಡೆ’, ‘ಕುರಿದೊಡ್ಡಿ’ ಎಂದು ಹದಿನಾಲ್ಕು ಫೋಲ್ಡರುಗಳು. ಎಲ್ಲವೂ ಕೊಲ್ಲಿಯ ಎರಡು ದಡಗಳ ಮೇಲೆ ಕಾಣುವ ಜಾಗಗಳು. ಚರ್ಚಿನ ಗೋಪುರದೊಳಗೆ ಚರ್ಚಿನ ಮಾತೇ ಇಲ್ಲ. ಒಬ್ಬಳ ಒದ್ದೆ ಕೈಗವಸಿನ ಪಕ್ಕದಲ್ಲಿ ಮತ್ತೊಬ್ಬಳು ಕೂಲಿ ಹೆಚ್ಚಿಸೆಂದು ಮಾಡಿದ ಜಗಳ, ಅದರ ಪಕ್ಕದಲ್ಲಿ ಇನ್ನೊಬ್ಬಳ ಬಸುರು. ಸಾವಿರದ ನೂರ ನಲವತ್ತು ಟಿಪ್ಪಣಿಗಳು. ಪ್ರತಿಯೊಂದರ ಕೆಳಗೂ ನೀಲಿ ಅಕ್ಷರದಲ್ಲಿ ಎರಡು ಕೊಂಡಿಗಳು. ಅವೂ ಮತ್ತೆ ಅದೇ ಜಾಗಗಳ ಹೆಸರುಗಳು.

“ಸೀದುಹೋದ ಪ್ಯಾನ್‌ಕೇಕ್ ಒಂದಿದ್ರೆ ಕೊಡ್ರಮ್ಮ, ಚೆನ್ನಾಗಿರೋದು ಸಂಸ್ಕಾರಕ್ಕಿರ್ಲಿ,” ಎನ್ನುತ್ತ ಮುದುಕ ಬೆತುಯೆಲ್ ಹಿತ್ತಿಲ ಬಾಗಿಲಿನಿಂದ ಬಂದ. ಎಂಬತ್ತನಾಲ್ಕು ವರ್ಷ, ಹುಟ್ಟುಹಾಕುವ ದೋಣಿಯಲ್ಲಿ ಮೀನಿಗೆ ಹೋದವರ ಪೈಕಿ ಉಳಿದವನು ಅವನೊಬ್ಬನೆ. ಯಾರೂ ಕೊಡುವ ಮೊದಲೇ ಪ್ಯಾನ್‌ಕೇಕೊಂದನ್ನು ಸುರುಳಿ ಸುತ್ತಿ ಬಾಯಿಗಿಟ್ಟವನು ಗ್ರೋವಾಳ ಭುಜದ ಮೇಲಿಂದ ಪರದೆ ನೋಡಿ ಅಗಿಯುವುದನ್ನೇ ನಿಲ್ಲಿಸಿದ.

“ಇವನ್ನ ನಿನಗೆ ಯಾರು ಕೊಟ್ರು?”

“ಯಾವುದನ್ನ?”

“ಗುರುತುಗಳನ್ನ! ನಮ್ಮಪ್ಪ, ಹೆರ್ಡಿಸಳ ಅಪ್ಪ ಒಂದೇ ದೋಣಿ. ಇವನ್ನ ಅವರು ಹೆಂಡ್ತೀರಿಗೂ ಹೇಳ್ತಿರ್ಲಿಲ್ಲ. ಆ ಹುಡುಗಿ ಮಾತ್ರ ಹತ್ತು ವರ್ಷದವಳಿದ್ದಾಗಿಂದ ದೋಣಿ ಮೂತಿಯಲ್ಲಿ ಕೂತ್ಕೊಂಡು ಎಲ್ಲಾ ನುಂಗಿಬಿಟ್ಳು.”

“ಚರ್ಚಿನ ಗೋಪುರ ಅಂದ್ರೆ ಚರ್ಚಿನ ಗೋಪುರ ತಾನೆ?”

“ನಿನ್ನಂಥ ಶಾಲೆಯವರಿಗೆ. ದೋಣಿಯವನಿಗೆ ಅದು ಅರ್ಧ ಮಾತು. ಒಂದೇ ಗುರುತು ನೋಡ್ಕೊಂಡು ಹೋದ್ರೆ ಗ್ರೀನ್‌ಲ್ಯಾಂಡಿಗೆ ಮುಟ್ತೀಯ. ಈ ದಡದ್ದೊಂದು ಗುರುತು, ಆ ದಡದ್ದೊಂದು. ಎರಡೂ ಸರಿಯಾಗಿ ಕೂಡೋ ಕಡೆ ಗಾಳ ಬಿಡ್ಬೇಕು. ಮೀನು ಇರೋದು ಅಲ್ಲಿ.”

ಗ್ರೋವಾ ಎದ್ದ ಭರಕ್ಕೆ ಜ್ಯಾಮಿನ ಬಟ್ಟಲು ನೆಲಕ್ಕೆ ಬಿತ್ತು. ಯಾರೋ ಬೈದರು. ಅವಳು ಮತ್ತೆ ಕೂತಳು. ಎರಡು ಕೊಂಡಿಗಳು, ಪ್ರತಿ ಟಿಪ್ಪಣಿಗೂ ಎರಡೇ ಕೊಂಡಿಗಳು!

“ಬೆತುಯೆಲ್, ಚರ್ಚಿನ ಗೋಪುರ, ಕರಿಮೂತಿ?”

“ಮರಳುತಟ್ಟು,” ಎಂದ ಅವನು, ಮಗ್ಗಿ ಒಪ್ಪಿಸುವವನಂತೆ. “ದಡಕ್ಕೆ ಹತ್ರ. ಮಕ್ಕಳಿಗೆ ಗಾಳ ಕಲಿಸ್ತಿದ್ದ ಜಾಗ.”

ಹುಡುಕುವ ಚೌಕದಲ್ಲಿ ಎರಡೂ ಹೆಸರುಗಳನ್ನು ಒತ್ತಿದಳು. ಹದಿನಾಲ್ಕು ಫೋಲ್ಡರುಗಳಲ್ಲಿ ಚದುರಿದ್ದ ತೊಂಬತ್ತಾರು ಟಿಪ್ಪಣಿಗಳು ಒಂದೇ ಪಟ್ಟಿಯಾಗಿ ಬಂದು ನಿಂತವು. ಒಂದನ್ನು ತೆರೆದಳು: ಹುಡುಗಿಯೊಬ್ಬಳು ಕಟ್ಟೆಗೆ ಬಂದ ಮೊದಲ ದಿನ. ಇನ್ನೊಂದು: ಮೊದಲ ದಿನ. ಮತ್ತೊಂದು: ಮೊದಲ ದಿನ!

“ಬಿಳಿಝರಿ, ಅಜ್ಜಿಬಂಡೆ?”

“ವಿಧವೆ ಹಳ್ಳ. ಆಳ ಅಂದ್ರೆ ಆಳ.”

ನಲವತ್ತೊಂದು ಟಿಪ್ಪಣಿಗಳು. ಗಂಡನ ದೋಣಿ ಮರಳದಿದ್ದ ಮೂರನೆಯ ದಿನವೇ ಬಂದು ಪೀಪಾಯಿಯ ಮುಂದೆ ನಿಂತವರು.

“ಕುರಿದೊಡ್ಡಿ, ಕರಿಮೂತಿ?”

“ಜಗಳಗಂಟಿ. ಅಲ್ಲಿ ಎಲ್ಲರ ದಾರಾನೂ ಒಂದಕ್ಕೊಂದು ಸಿಕ್ಕಿಕೊಳ್ಳೋದು.”

ಮುಷ್ಕರ ಹೂಡಿದವರು, ಮಾಲೀಕನ ಬಾಗಿಲಿಗೆ ಮೀನಿನ ಕರುಳಿನ ಬುಟ್ಟಿ ಸುರಿದವರು. ಒಲೆ ಆರಿಸಿ ಬಂದ ಹೆಂಗಸರು ಸುತ್ತ ನಿಂತು ಕತ್ತು ಚಾಚುತ್ತಿದ್ದರು. “ಅಯ್ಯೊ, ಅದು ನಮ್ಮತ್ತೆ!” ಎಂದಳು ಒಬ್ಬಳು. “ನಿಮ್ಮತ್ತೆ ಇಂಥದ್ದು ಮಾಡಿದ್ಳಾ? ಮತ್ತೆ ನಿನ್ನ ಮಾತ್ರ ಕುಕ್ಕಿ ಕೂರಿಸ್ತಿದ್ಳು!” ಎಂದಳು ಇನ್ನೊಬ್ಬಳು.

“ಯಾವುದು ಮೊದಲು, ಯಾವುದು ಕೊನೆ? ಅದನ್ನ ಹೇಳು, ಬೆತುಯೆಲ್!”

“ಇದೂ ಒಂದು ಪ್ರಶ್ನೆಯಾ? ಇಳಿತದ ಜೊತೆ ಹೊರಡ್ಬೇಕು, ಉಬ್ಬರದ ಜೊತೆ ಬರ್ಬೇಕು. ಮರಳುತಟ್ಟು, ಆಮೇಲೆ ಜಗಳಗಂಟಿ, ಹೀಗೇ ಹೊರಕ್ಕೆ. ನಡುವೆ ವಿಧವೆ ಹಳ್ಳ. ತಿರುಗಿ ಬರೋ ದಾರಿಯಲ್ಲಿ ಉಳಿದವು. ಹನ್ನೊಂದು ಜಾಗ. ಬೇರೆ ಕ್ರಮದಲ್ಲಿ ಹೋದವನು ಮನೆಗೆ ಬರ್ಲಿಲ್ಲ.”

ಹನ್ನೊಂದು ಮೀನುತಾಣಗಳು, ಹನ್ನೊಂದು ಅಧ್ಯಾಯಗಳು. ಅವನು ಹೇಳಿದಂತೆ ಅವಳು ಹೊಸ ಫೋಲ್ಡರುಗಳನ್ನು ತೆರೆದು, ಅಂಕೆ ಕೊಟ್ಟು, ಟಿಪ್ಪಣಿಗಳನ್ನು ಒಳಗೆಳೆದಳು. ತಾಯಿಯ ಕೆಳಗೆ ಮಗಳು ಬಂದು ನಿಂತಳು. ಮಗಳ ಕೆಳಗೆ ಮೊಮ್ಮಗಳು. ಚರ್ಚಿನ ಗಂಟೆ ಮೊದಲ ಸಲ ಬಾರಿಸಿದಾಗ ಹನ್ನೊಂದನೆಯದೂ ತುಂಬಿತ್ತು. ಗ್ರೋವಾಳ ಕೆನ್ನೆ ಕೆಂಪಾಗಿತ್ತು, ಕಪ್ಪು ಉಡುಪಿನ ಮೇಲೆಲ್ಲ ಹಿಟ್ಟು ಮೆತ್ತಿತ್ತು.

“ಇದು ಪುಸ್ತಕ,” ಎಂದಳು ಅವಳು, ಯಾರಿಗೂ ಅಲ್ಲ. “ಮೊದಲಿಂದ್ಲೂ ಪುಸ್ತಕವೇ ಆಗಿತ್ತು.”

* * *

ಕಾಗದ ಬರೆದ ಮರುತಿಂಗಳು, ಮೇ ತಿಂಗಳಿನಲ್ಲಿ, ಹೆರ್ಡಿಸ್ ಗ್ರೋವಾಳ ಬಾಗಿಲಿಗೆ ಬಂದಿದ್ದಳು. ಕೈಯಲ್ಲಿ ಎರಡು ಲೈಫ್‌ಜಾಕೆಟ್ಟುಗಳು. ಕಾಗದದ ಬಗ್ಗೆ ಒಂದು ಮಾತೂ ಇಲ್ಲ, ಮುನಿಸೂ ಇಲ್ಲ.

“ಬಾ, ಕ್ಯಾರ್ತಾನನ ದೋಣಿ ಖಾಲಿ ಇದೆ. ನನ್ನ ಪುಸ್ತಕದ ಪರಿವಿಡಿ ತೋರಿಸ್ತೀನಿ.”

“ದೋಣಿಯಲ್ಲಿ ನನಗೆ ವಾಂತಿ ಬರುತ್ತೆ, ಗೊತ್ತಲ್ಲ.”

“ವಾಂತಿ ಮಾಡ್ಕೊಂಡೇ ಓದು. ಪುಸ್ತಕ ಅಂದ್ರೆ ಕೂತಲ್ಲೇ ಓದೋದು ಅಂತ ಎಲ್ಲಿದೆ?”

ಗ್ರೋವಾ ನಕ್ಕು, ಇನ್ನೊಂದು ದಿನ ಎಂದು ಬಾಗಿಲು ಮುಚ್ಚಿಕೊಂಡಿದ್ದಳು. ಓದದೆ ಉತ್ತರ ಬರೆದ ಮಕ್ಕಳನ್ನು ನಲವತ್ತು ವರ್ಷ ಮೂಲೆಯಲ್ಲಿ ನಿಲ್ಲಿಸಿದವಳು! ಮಕ್ಕಳು ಸುಳ್ಳು ಉತ್ತರ ಬರೆದರೆ ಒಂದು ಅಂಕ ಹೋಗುತ್ತದೆ. ಬಲ್ಲವರೆನಿಸಿಕೊಂಡವರು ಬರೆದರೆ ಒಬ್ಬರ ಬದುಕು ಹೋಗುತ್ತದೆ. ಸೆಪ್ಟೆಂಬರಿನಲ್ಲಿ, ಮೀನು ತರುವ ಬುಟ್ಟಿಯನ್ನು ಕೈಯಲ್ಲಿ ಹಿಡಿದೇ, ಹೆರ್ಡಿಸ್ ತನ್ನ ಮನೆಯ ಮೆಟ್ಟಿಲ ಮೇಲೆ ಕುಸಿದವಳು ಮತ್ತೆ ಏಳಲಿಲ್ಲ.

* * *

ಮಣ್ಣು ಮುಗಿಸಿ ಬಂದವರ ಮುಖಗಳು ಗಾಳಿಗೆ ಕಂದಿದ್ದವು. ನೂರಿಪ್ಪತ್ತು ಜನ, ಅಷ್ಟೇ ಬಟ್ಟಲು ಕಾಫಿ. ಆಸ್‌ಗ್ರಿಮುರ್ ಚಮಚದಿಂದ ಬಟ್ಟಲನ್ನು ತಟ್ಟಿ ಎದ್ದ. ಐವತ್ತೈದು ದಾಟಿದ, ಅಚ್ಚುಕಟ್ಟಾದ ಮನುಷ್ಯ. ಕೆಟ್ಟವನಲ್ಲ, ಕೇಳಿಸಿಕೊಳ್ಳುವ ಅಭ್ಯಾಸವಿಲ್ಲದವನು.

“ಹೆರ್ಡಿಸ್ ನಮ್ಮ ಚರಿತ್ರೆಗಾಗಿ ತುಂಬ ಕೂಡಿಸಿಟ್ಟಿದ್ದಾಳೆ. ಗ್ರೋವಾ ಟೀಚರ್ ಹೇಳಿದ ಹಾಗೆ ಸಾಮಗ್ರಿ ಅಮೂಲ್ಯ, ಆದರೆ...”

“ಆ ಟೀಚರ್ ಓದದೆ ಪರೀಕ್ಷೆ ತಿದ್ದಿದ್ಳು,” ಎಂದಳು ಗ್ರೋವಾ, ಎದ್ದು ನಿಂತು. “ನೀನು ಕೂತ್ಕೊ, ಆಸ್‌ಗ್ರಿಮುರ್.”

ಆಸ್‌ಗ್ರಿಮುರ್ ಕೂರಲಿಲ್ಲ; ಭಾಷಣದ ಕಾಗದ ಅವನ ಕೈಯಲ್ಲೇ ಇತ್ತು.

“ಟೀಚರ್, ಇದು ಸಾವಿನ ಮನೆ.”

“ಅದಕ್ಕೇ ಈಗಲೇ ಹೇಳ್ಬೇಕು. ಎಲ್ಲರೂ ಕೇಳಿ. ಹೆರ್ಡಿಸ್ ಬರೆದದ್ದು ಪುಸ್ತಕವಲ್ಲ ಅಂತ ನಾನು ಸಹಿ ಹಾಕಿಕೊಟ್ಟೆ. ಅದು ಸುಳ್ಳು. ಹನ್ನೊಂದು ಅಧ್ಯಾಯ ಇದೆ, ಒಂದರ ಹಿಂದೊಂದು ಹೋಗೋ ದಾರಿ ಇದೆ. ನನಗೆ ಓದಕ್ಕೆ ಬರ್ಲಿಲ್ಲ. ನಿನಗೂ ಹೇಳ್ತೀನಿ ಮಗು. ನಿನ್ನ ಮೂರು ಸಂಪುಟದಲ್ಲಿ ಒಂದೊಂದು ಎಂಜಿನ್ನಿಗೂ ಎಷ್ಟು ಕುದುರೆಶಕ್ತಿ ಅಂತ ಲೆಕ್ಕ ಇದೆ. ಉಪ್ಪಿನ ಕಟ್ಟೆ ಫೋಟೊದ ಕೆಳಗೆ ಏನಿದೆ? ‘ಎಡದಿಂದ: ಕಪ್ತಾನ, ಮಾಲೀಕ, ಮತ್ತು ಹೆಂಗಸರು.’ ಕುದುರೆಗಳನ್ನ ಎಣಿಸಿದವನಿಗೆ ಹೆಂಗಸರನ್ನ ಎಣಿಸಕ್ಕೆ ಆಗ್ಲಿಲ್ವಾ?”

ಬೆತುಯೆಲ್ ಕಾಫಿ ನೆತ್ತಿಗೇರಿ ಕೆಮ್ಮಿದ. ಗ್ರೋವಾ ಲ್ಯಾಪ್‌ಟಾಪನ್ನು ಕೇಕಿನ ಮೇಜಿನ ಮೇಲಿಟ್ಟು, ದನಿ ಸರಿಮಾಡಿಕೊಂಡು, ಮೊದಲ ಅಧ್ಯಾಯದ ಮೊದಲ ಟಿಪ್ಪಣಿಯನ್ನು ಓದಿದಳು.

“ಮರಳುತಟ್ಟು. ಪೆತ್ರೀನಾ, ಹನ್ನೊಂದು ವರ್ಷ. ಪೀಪಾಯಿಯ ತಳಕ್ಕೆ ಕೈ ಎಟುಕದು. ಯಾರೋ ಒಬ್ಬಳು ಅವಳ ಎರಡೂ ಕಾಲು ಹಿಡಿದು ತಲೆಕೆಳಗಾಗಿ ಒಳಗಿಳಿಸಿದಳು. ಮೊದಲ ಸುತ್ತು ಮೀನು ಜೋಡಿಸಿ ಮುಗಿಸುವ ತನಕ ಆ ಕೈಗಳು ಬಿಡಲಿಲ್ಲ.”

“ಯಾರೋ ಅಲ್ಲ!”

ಗೋಡೆಯ ಪಕ್ಕದಿಂದ ಬಂದ ದನಿ ಮುದುಕಿ ಪೆತ್ರೀನಾಳದು. ತೊಂಬತ್ತು ವರ್ಷ; ವಾಕರಿನ ಆಸರೆಯಲ್ಲಿ ಏಳುತ್ತಿದ್ದಳು.

“ಹೆರ್ಡಿಸ್ ಕೇಳಿದಾಗ ನೆನಪಾಗ್ಲಿಲ್ಲ. ನೀನು ಈಗ ಓದಿದ್ಯಲ್ಲ, ಕಾಲಿಗೆ ಆ ಕೈ ತಾಗ್ತು. ಅವಳಮ್ಮ ಅದು. ಹೆರ್ಡಿಸಳ ಅಮ್ಮ. ಬರ್ಕೊ!”

ಕ್ಯಾರ್ತಾನ್ ಮುಖ ಮುಚ್ಚಿಕೊಂಡ. ಆಮೇಲೆ ಕೈ ತೆಗೆದು, ಎಲ್ಲರಿಗೂ ಕೇಳುವಂತೆ, “ಕೊಡಲ್ಲ ಆಸ್‌ಗ್ರಿಮುರ್. ಅಮ್ಮನ ಪುಸ್ತಕ, ಅಮ್ಮನ ಹೆಸರಲ್ಲೇ ಬರುತ್ತೆ,” ಎಂದ. ಅಷ್ಟರಲ್ಲಿ ಕುರ್ಚಿಗಳು ಸರಿಯತೊಡಗಿದ್ದವು. ನಮ್ಮತ್ತೆಯದು ಓದು, ನಮ್ಮಜ್ಜಿಗೆ ನೀನು ತಪ್ಪು ವರ್ಷ ಹಾಕಿದ್ದೀಯ, ಮುಷ್ಕರದಲ್ಲಿ ನನ್ನ ಚಿಕ್ಕಮ್ಮನೂ ಇದ್ಳು, ಎಲ್ಲಿ ಅವಳು? ಕಪ್ಪುಡುಪಿನ ಹೆಂಗಸರು ಕೇಕಿನ ತಟ್ಟೆಗಳನ್ನು ಹಿಡಿದು ಮೇಜಿನ ಮುಂದೆ ಸಾಲಾದರು; ಸಾಲು ಕೋಟು ನೇತುಹಾಕುವ ಗೂಟಗಳವರೆಗೂ ಬೆಳೆಯಿತು. ಬೆತುಯೆಲ್ ಗುರುತುಗಳನ್ನು ಕೂಗುತ್ತಿದ್ದ, ಗ್ರೋವಾಳ ಬೆರಳುಗಳು ನಿಲ್ಲಲಿಲ್ಲ.

ಆಸ್‌ಗ್ರಿಮುರ್ ಭಾಷಣದ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು ಮೇಜಿನ ಪಕ್ಕಕ್ಕೆ ಬಂದ.

“ಟೀಚರ್, ನನ್ನಜ್ಜಿನೂ ಅಲ್ಲಿ ಕೆಲಸ ಮಾಡಿದ್ಳಂತೆ. ಇದರಲ್ಲಿ ಸಿಗ್ತಾಳಾ?”

“ಸಾಲಿನಲ್ಲಿ ನಿಂತ್ಕೊ,” ಎಂದಳು ಗ್ರೋವಾ, ತಲೆಯೆತ್ತದೆ.

ಅವನು ಹೋಗಿ ಸಾಲಿನ ತುದಿಯಲ್ಲಿದ್ದ ಪೆತ್ರೀನಾಳ ಹಿಂದೆ ನಿಂತ. ಮುದುಕಿ ತಿರುಗಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ತನ್ನ ತಟ್ಟೆಯನ್ನು ಅವನ ಎಡಗೈಗೂ ಬಟ್ಟಲನ್ನು ಬಲಗೈಗೂ ಕೊಟ್ಟಳು. “ಹಿಡ್ಕೊ. ನಿನ್ನಜ್ಜಿ ಮಾಡ್ತಿದ್ದ ಕೆಲಸ ತೋರಿಸ್ಬೇಕಂದ್ರೆ ಎರಡೂ ಕೈ ಬೇಕು,” ಎಂದವಳು ವಾಕರನ್ನು ಬಿಟ್ಟು ಸೊಂಟದಿಂದ ಬಾಗಿದಳು. ಸೊಟ್ಟಗಾದ ಅವಳ ಬೆರಳುಗಳು ನೆಲಕ್ಕೆ ಒಂದು ಗೇಣು ಮೇಲೆ, ಇಲ್ಲದ ಪೀಪಾಯಿಯೊಂದರ ತಳದಲ್ಲಿ, ಹೊಟ್ಟೆ ಮೇಲಕ್ಕೆ ಬಾಲ ಒಳಕ್ಕೆ, ಒಂದು ಸುತ್ತು ಮೀನು ಜೋಡಿಸಿ ಮುಗಿಸಿ, ಉಪ್ಪು ಚೆಲ್ಲಿ, ಎರಡನೆಯ ಸುತ್ತಿಗೆ ತೊಡಗಿದವು.